ದುಭಾಷಿ ಮೌನವಾದಾಗ

ಯಂತ್ರಗಳಿಗೆ ನಾವಿಡುವ ಹೆಸರುಗಳು ಕೆಲವೊಮ್ಮೆ ನಮ್ಮನ್ನೇ ದಾರಿ ತಪ್ಪಿಸುವುದುಂಟು. ‘ಡ್ರೈವರ್’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಖಾಕಿ ಅಂಗಿ ತೊಟ್ಟು ಬಸ್ಸಿನ ಮುಂದಿನ ಪೀಠದಲ್ಲಿ ಕುಳಿತ ಸಾರಥಿ. ಕಂಪ್ಯೂಟರಿನೊಳಗಿನ ಡ್ರೈವರ್ ಮಾಡುವ ಕೆಲಸ ದುಭಾಷಿಯದು. ಯಂತ್ರವನ್ನು ಆಳುವ ಕರ್ನೆಲ್ಲಿನ ಭಾಷೆ ಒಂದು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಭಾಷೆ ಇನ್ನೊಂದು. ನಡುವೆ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ತಿಳಿಯಹೇಳುವವನೇ ಡ್ರೈವರ್. ಅವನು ಮೌನವಾದರೆ ಅರಸನೂ ಕ್ಷೇಮ, ಅತಿಥಿಯೂ ಕ್ಷೇಮ. ಸಭೆ ಮಾತ್ರ ನಡೆಯದು.

ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡವರಲ್ಲಿ ಅನೇಕರು ಈ ಮೌನವನ್ನು ಕಂಡಿರಬಹುದು. ಹೊಸ ಡ್ರೈವರ್ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಪರದೆ ಕಪ್ಪು. ಮೂಲೆಯಲ್ಲಿ ಬಿಳಿಯ ಗೆರೆಯೊಂದು ಮಿನುಗುತ್ತಿರುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ‘ಯಂತ್ರ ಹೋಯಿತು’ ಎಂದು ಮನೆಮಂದಿಯೆಲ್ಲ ನಿಶ್ಚಯಿಸಿಬಿಡುತ್ತಾರೆ. ಆ ಗಳಿಗೆಯಲ್ಲಿ ಮಾಡತಕ್ಕ ಕೆಲಸವೇನು, ಮಾಡಬಾರದ ಕೆಲಸವೇನು ಎಂಬುದೇ ಈ ವಾರದ ವಿಚಾರ.

ಮೊದಲು ಕಾರ್ಡುಗಳ ಕುಲಗೋತ್ರ ತಿಳಿಯಬೇಕು. ಇವುಗಳನ್ನು ತಯಾರಿಸುವವರಲ್ಲಿ ಮುಖ್ಯರು ಮೂವರು: ಇಂಟೆಲ್, ಎಎಂಡಿ, ಎನ್ವಿಡಿಯಾ. ಮೊದಲಿನ ಇಬ್ಬರ ದುಭಾಷಿಗಳು ಲಿನಕ್ಸ್ ಕರ್ನೆಲ್ಲಿನೊಡನೆಯೇ ಬರುತ್ತವೆ. ಚಿತ್ರರಚನೆಯ ಉಳಿದ ಭಾಗವನ್ನು ಮೆಸಾ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಇಂಥ ಕಾರ್ಡು ನಿಮ್ಮಲ್ಲಿದ್ದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಹುಡುಕುವ ಶ್ರಮವೇ ಇಲ್ಲ. ವಿಂಡೋಸ್ ಬಳಸಿ ರೂಢಿಯಾದವರು ಹಳೆಯ ಅಭ್ಯಾಸಬಲದಿಂದ ಕಂಪನಿಯ ಜಾಲತಾಣಕ್ಕೆ ಓಡುತ್ತಾರೆ. ಇಲ್ಲದ ತೊಂದರೆಯನ್ನು ಹೊತ್ತು ತರುತ್ತಾರೆ. ವ್ಯವಸ್ಥೆಯನ್ನು ಕಾಲಕಾಲಕ್ಕೆ ನವೀಕರಿಸುತ್ತಿದ್ದರೆ ಸಾಕು.

ಎನ್ವಿಡಿಯಾದ ಕಥೆ ಬೇರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಎನ್ವಿಡಿಯಾ ಮಾತ್ರ ತನ್ನ ಡ್ರೈವರಿನ ಮೂಲಪಾಠವನ್ನು ಬಹುಕಾಲ ಗುಟ್ಟಾಗಿಯೇ ಇರಿಸಿತ್ತು. 2005ರ ಸುಮಾರಿನಲ್ಲಿ ಕೆಲವು ಸ್ವಯಂಸೇವಕರು ಒಂದು ಸಾಹಸಕ್ಕೆ ಕೈಹಾಕಿದರು. ಕಂಪನಿಯ ಡ್ರೈವರ್ ಕಾರ್ಡಿಗೆ ಏನೇನು ಹೇಳುತ್ತದೆಂಬುದನ್ನು ಬದಿಯಲ್ಲಿ ನಿಂತು ಆಲಿಸಿ, ಅರ್ಥ ಊಹಿಸಿ, ತಾವೇ ಒಂದು ಡ್ರೈವರ್ ಬರೆಯತೊಡಗಿದರು. ಲಿಪಿ ತಿಳಿಯದ ಶಾಸನವನ್ನು ಅಕ್ಷರ ಅಕ್ಷರವಾಗಿ ಬಿಡಿಸಿದಂಥ ಕೆಲಸವದು. ‘ನೂವೋ’ ಎಂಬ ಹೆಸರಿನ ಆ ಡ್ರೈವರ್ 2010ರಲ್ಲಿ ಕರ್ನೆಲ್ಲಿನೊಳಗೆ ಸೇರಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಸಭೆಯಲ್ಲಿ ಟೋರ್ವಾಲ್ಡ್ಸ್ ಎನ್ವಿಡಿಯಾವನ್ನು ಉದ್ದೇಶಿಸಿ, ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚುಹಾಕಲಾಗದ ಮಾತೊಂದನ್ನು ಆಡಿದರು. ಬೆರಳಿನ ಅಭಿನಯವೂ ಜೊತೆಗಿತ್ತು. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರಿನ ಕರ್ನೆಲ್ ಭಾಗದ ಮೂಲಪಾಠವನ್ನು ಪ್ರಕಟಿಸಿತು. ಆದರೆ ಅದು 2018ರಿಂದೀಚೆಗಿನ ಟ್ಯೂರಿಂಗ್ ಮತ್ತು ಅದರ ಮುಂದಿನ ಪೀಳಿಗೆಯ ಕಾರ್ಡುಗಳಿಗೆ ಮಾತ್ರ. ಹಳೆಯ ಕಾರ್ಡುಗಳಿಗೆ ಆ ಭಾಗ್ಯವಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡು ತರುವ ನಮ್ಮ ಮಧ್ಯಮವರ್ಗದ ಮನೆಗಳಿಗೆ ಬರುವುದೋ ಹೆಚ್ಚಾಗಿ ಹಳೆಯ ಕಾರ್ಡುಗಳೇ.

ಅಂಥದೊಂದು ಮನೆಯ ಪ್ರಸಂಗ ಹೇಳುತ್ತೇನೆ. ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರೊಬ್ಬರ ಮಗಳು ವಾಸ್ತುಶಿಲ್ಪದ ಕೊನೆಯ ವರ್ಷದ ವಿದ್ಯಾರ್ಥಿನಿ. ಆಕೆಗಾಗಿ ಜಿಟಿ 710 ಎಂಬ ಹಳೆಯ ಎನ್ವಿಡಿಯಾ ಕಾರ್ಡೊಂದನ್ನು ತಂದು ಉಬುಂಟು ಇದ್ದ ಯಂತ್ರಕ್ಕೆ ಸೇರಿಸಿದ್ದರು. ಡ್ರೈವರುಗಳಲ್ಲಿ 470 ಎಂದೊಂದು, 550 ಎಂದೊಂದು ಇತ್ತು. ಗಣಿತದವರ ಮನೆಯಲ್ಲಿ ದೊಡ್ಡ ಸಂಖ್ಯೆಗೆ ಗೌರವ ಹೆಚ್ಚು. ಹುಡುಗಿ 550ನ್ನೇ ಹಾಕಿದಳು. ಪರದೆ ಕತ್ತಲಾಯಿತು. ಹತ್ತಿರದ ಅಂಗಡಿಯವನು ಬಂದು ನೋಡಿ, “ಡಿಸ್ಕು ಫಾರ್ಮ್ಯಾಟ್ ಮಾಡಿ ಎಲ್ಲ ಹೊಸದಾಗಿ ಹಾಕಬೇಕು” ಎಂದು ತೀರ್ಪಿತ್ತು ಹೋದ. ಫಾರ್ಮ್ಯಾಟ್ ಎಂದರೆ ಹಲಗೆಯನ್ನು ಒರೆಸಿದಂತೆ, ಬರೆದದ್ದೆಲ್ಲ ಹೋಗುತ್ತದೆ. ಆಕೆಯ ಎರಡು ವರ್ಷದ ನಕ್ಷೆಗಳು ಆ ಡಿಸ್ಕಿನಲ್ಲೇ ಇದ್ದವು. ಪ್ರಬಂಧ ಒಪ್ಪಿಸಲು ಒಂಬತ್ತು ದಿನ ಉಳಿದಿತ್ತು.

ನಾನು ಹೋದಾಗ ತಾಯಿ ಬಾಗಿಲಲ್ಲೇ, “ಮಧ್ಯಾಹ್ನದಿಂದ ಊಟ ಮುಟ್ಟಿಲ್ಲ ಮಗು, ನೀವಾದರೂ ಹೇಳಿ” ಎಂದರು. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ನಕ್ಷೆಗಳು ಹೋಗಿಬಿಟ್ಟವೆ?”

ಕಂಟ್ರೋಲ್, ಆಲ್ಟ್, ಎಫ್3 ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಲು ಹೇಳಿದೆ. ಚಿತ್ರವಿಲ್ಲದ, ಬರಿಯ ಅಕ್ಷರಗಳ ಪರದೆಯೊಂದು ತೆರೆಯಿತು. ತನ್ನ ಹೆಸರು, ಗುಪ್ತಪದ ಕೊಟ್ಟು ಒಳಹೊಕ್ಕು ‘ಎಲ್‌ಎಸ್’ ಎಂದು ಬರೆದಳು. ಕಡತಗಳ ಹೆಸರುಗಳು ಸಾಲಾಗಿ ಬಂದು ನಿಂತವು. ಒಂದೂ ಕಾಣೆಯಾಗಿರಲಿಲ್ಲ. ಮೊದಲು ಅವೆಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಸಿದೆ. ಆಮೇಲೆ ಯಂತ್ರದ ದಿನಚರಿಯನ್ನು ತೆರೆದೆವು. ಲಿನಕ್ಸ್ ತಾನು ಏಳುವಾಗ ನಡೆದುದನ್ನೆಲ್ಲ ಬರೆದಿಡುತ್ತದೆ. ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆ ಅದನ್ನು ತೋರಿಸುತ್ತದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ಜಿಟಿ 710 ಕಾರ್ಡಿಗೆ 470ರ ಸಾಲಿನ ಡ್ರೈವರ್ ಬೇಕು, 550 ಇದನ್ನು ಗಮನಿಸುವುದಿಲ್ಲ. ಯಂತ್ರ ಬೆಳಗಿನಿಂದ ತನ್ನ ರೋಗವನ್ನೂ ಔಷಧವನ್ನೂ ತಾನೇ ಹೇಳುತ್ತಿತ್ತು. ಕೇಳುವವರಿರಲಿಲ್ಲ. 550ನ್ನು ತೆಗೆದು ಉಬುಂಟುವಿನ ಭಂಡಾರದಿಂದಲೇ 470ನ್ನು ಹಾಕಿದಳು. ಮತ್ತೆ ಚಾಲೂ ಮಾಡಿದಾಗ ಪರದೆ ಬೆಳಗಿತು. ಅಷ್ಟು ಹೊತ್ತಿಗೆ ಅಡಿಗೆಮನೆಯಲ್ಲಿ ತಟ್ಟೆಗಳ ಸದ್ದೂ ಕೇಳಿಸಿತು.

ಹಳೆಯ ಕಾರ್ಡುಳ್ಳವರು ಈ ಸಂಖ್ಯೆಗಳನ್ನು ಗಮನದಲ್ಲಿಡುವುದು ಲೇಸು. ಜಿಟಿಎಕ್ಸ್ 460ರಂಥವಕ್ಕೆ 390ರ ಸಾಲು. ಜಿಟಿ 710, ಜಿಟಿಎಕ್ಸ್ 660ರಂಥವಕ್ಕೆ 470. ಜಿಟಿಎಕ್ಸ್ 970, 1050, 1060 ಮೊದಲಾದವಕ್ಕೆ 580ರ ಸಾಲೇ ಕೊನೆಯದೆಂದು ಕಂಪನಿ 2025ರಲ್ಲಿ ತಿಳಿಸಿದೆ. ಮುಂದೆ ದೊಡ್ಡ ಸಂಖ್ಯೆಯ ಡ್ರೈವರ್ ಬಂದಿತೆಂದು ಇವರು ಆಸೆಪಡಬಾರದು.

ಕತ್ತಲೆಗೆ ಕಾರಣಗಳು ಇನ್ನೂ ಎರಡುಂಟು. ಎನ್ವಿಡಿಯಾ ಡ್ರೈವರಿನ ಒಂದು ಭಾಗ ಆಯಾ ಕರ್ನೆಲ್ಲಿನ ಅಳತೆಗೆ ಹೊಲಿದ ಅಂಗಿಯಂತಿರಬೇಕು. ಕರ್ನೆಲ್ ಬದಲಾದಾಗ ಹೊಸ ಅಂಗಿ ಹೊಲಿಯುವ ದರ್ಜಿಯ ಹೆಸರು ಡಿಕೆಎಂಎಸ್. ಅವನಿಗೆ ಅಳತೆ ಒದಗಿಸುವ ‘ಹೆಡರ್’ ಕಡತಗಳು ಇಲ್ಲದಿದ್ದರೆ ಹೊಲಿಗೆ ನಿಲ್ಲುತ್ತದೆ. ನಿನ್ನೆಯವರೆಗೆ ಸರಿಯಿದ್ದ ಪರದೆ ಇಂದು ಕಪ್ಪಾಗುತ್ತದೆ. ಎರಡನೆಯದು ‘ಸೆಕ್ಯೂರ್ ಬೂಟ್’ ಎಂಬ ದ್ವಾರಪಾಲಕ. ಮುದ್ರೆಯಿಲ್ಲದ ಡ್ರೈವರನ್ನು ಅವನು ಒಳಗೆ ಬಿಡನು. ಆದ್ದರಿಂದ ಕೆಲವೊಮ್ಮೆ ಡ್ರೈವರ್ ಹಾಕುವಾಗ ಒಂದು ಗುಪ್ತಪದ ಕೇಳಿ, ಮರುಚಾಲನೆಯ ಹೊತ್ತಿನಲ್ಲಿ ನೀಲಿ ಪರದೆಯೊಂದರ ಮೇಲೆ ‘ಎನ್‌ರೋಲ್ ಎಂಓಕೆ’ ಎಂಬ ಆಯ್ಕೆ ತೋರಿಸುತ್ತಾರೆ. ಏನೋ ಎಂತೋ ಎಂದು ಹೆದರಿ ಅದನ್ನು ದಾಟಿ ಹೋದವರ ಡ್ರೈವರ್ ಬಾಗಿಲಲ್ಲೇ ನಿಲ್ಲುತ್ತದೆ. ಅದನ್ನು ಆರಿಸಿ, ಮೊದಲು ಕೊಟ್ಟ ಗುಪ್ತಪದವನ್ನೇ ಕೊಡಬೇಕು.

ಕೀಲಿಗಳನ್ನು ಒತ್ತಿದರೂ ಅಕ್ಷರದ ಪರದೆ ಬಾರದಿದ್ದರೆ ಧೈರ್ಯಗೆಡಬೇಕಾಗಿಲ್ಲ. ಯಂತ್ರ ಏಳುವಾಗ ಎಸ್ಕೇಪ್ ಅಥವಾ ಶಿಫ್ಟ್ ಕೀಲಿಯಿಂದ ‘ಗ್ರಬ್’ ಎಂಬ ಪಟ್ಟಿಯನ್ನು ಬರಿಸಬಹುದು. ‘ಅಡ್ವಾನ್ಸ್ಡ್’ ಎಂಬಲ್ಲಿ ಹಳೆಯ ಕರ್ನೆಲ್ ಉಳಿದಿರುತ್ತದೆ. ಅದನ್ನು ಆರಿಸಿದರೆ ಎಷ್ಟೋ ವೇಳೆ ಪರದೆ ಮರಳುತ್ತದೆ. ಅದೂ ಆಗದಿದ್ದರೆ ಅದೇ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಮೊದಲಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಬರೆದು, ಎಫ್10 ಒತ್ತಬೇಕು. ಆಡಂಬರವಿಲ್ಲದ ಸಾದಾ ಚಿತ್ರವೊಂದು ಮೂಡುವುದುಂಟು. ಈ ತಿದ್ದುಪಡಿ ಆ ಒಂದು ಬಾರಿಗೆ ಮಾತ್ರ ಸಲ್ಲುತ್ತದೆ, ಶಾಶ್ವತ ಹಾನಿಯಿಲ್ಲ. ಒಳಗೆ ಹೋದಮೇಲೆ ಎನ್ವಿಡಿಯಾದ ಪೊಟ್ಟಣಗಳನ್ನು ಪೂರ್ತಿಯಾಗಿ ತೆಗೆದುಹಾಕಿದರೆ ನೂವೋ ಮತ್ತೆ ಅಧಿಕಾರಕ್ಕೆ ಬರುತ್ತದೆ. ಅದರ ಗತಿ ಮಂದವಿರಬಹುದು. ಪತ್ರ ಬರೆಯಲು, ಲೆಕ್ಕ ನೋಡಲು ಸಾಕು.

ಹೊಸದಾಗಿ ಹಾಕುವವರಿಗೂ ಒಂದು ಮಾತು. ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯಿಂದ ಕಾರ್ಡಿನ ಹೆಸರನ್ನು ಮೊದಲು ತಿಳಿಯಿರಿ. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ನಿಮ್ಮ ಕಾರ್ಡಿಗೆ ಒಪ್ಪುವವನ್ನೇ ಪಟ್ಟಿಮಾಡಿ, ಒಂದರ ಮುಂದೆ ಶಿಫಾರಸು ಬರೆದಿರುತ್ತದೆ, ಅದನ್ನೇ ಆರಿಸಿ. ಫೆಡೋರಾ ಬಳಸುವವರಿಗೆ ಆರ್‌ಪಿಎಂ ಫ್ಯೂಷನ್ ಎಂಬ ಭಂಡಾರವಿದೆ. ಕಂಪನಿಯ ಜಾಲತಾಣದಿಂದ ನೇರವಾಗಿ ಇಳಿಸಿಕೊಂಡ ಕಡತವನ್ನು ಇದರ ಮೇಲೆ ಹೇರಬೇಡಿ. ಒಂದೇ ಅಡಿಗೆಮನೆಯಲ್ಲಿ ಇಬ್ಬರು ಯಜಮಾನಿಯರಿದ್ದರೆ ಆಗುವುದೇ ಅಲ್ಲಿಯೂ ಆಗುತ್ತದೆ.

ಕೊನೆಯದಾಗಿ, ಎಲ್ಲವೂ ಸರಿಯಿರುವ ಒಂದು ಸಂಜೆ ಅರ್ಧ ಹಾಳೆ ಕಾಗದ ತೆಗೆದುಕೊಂಡು ಕಾರ್ಡಿನ ಹೆಸರು, ಡ್ರೈವರಿನ ಸಂಖ್ಯೆ, ಕರ್ನೆಲ್ಲಿನ ಸಂಖ್ಯೆ ಮೂರನ್ನೂ ಬರೆದು ಮೇಜಿನ ಬದಿಗೆ ಅಂಟಿಸಿರಿ. ಮುಖ್ಯವಾದ ಕಡತಗಳ ನಕಲೊಂದು ಬೇರೆಡೆ ಇರಲಿ. ಆಮೇಲೆ ಯಾರಾದರೂ ಬಂದು ‘ಒರೆಸಿ ಹಾಕೋಣ’ ಎಂದರೆ, ಯಂತ್ರ ಬರೆದದ್ದನ್ನು ಒಮ್ಮೆ ಓದಿದಿರಾ ಎಂದು ಕೇಳಿರಿ. ಓದದೆ ಒರೆಸುವವರ ಕೈಗೆ ಹಲಗೆಯನ್ನು ಕೊಡಬಾರದು.