ಅಜ್ಜನ ಮುಖಕ್ಕೆ ಹಸಿರು ಬಣ್ಣವೇಕೆ?

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ದೇವರ ಜಗುಲಿಯ ಮಗ್ಗುಲಿಗೆ ಹಿರಿಯರದೊಂದು ಕಪ್ಪು-ಬಿಳುಪು ಭಾವಚಿತ್ರವಿರುವುದು ವಾಡಿಕೆ. ರುಮಾಲು ಸುತ್ತಿ ಕುರ್ಚಿಯಲ್ಲಿ ಬಿಗಿದು ಕುಳಿತ ಅಜ್ಜ, ಇಳಕಲ್ಲ ಸೀರೆಯ ಸೆರಗು ಹೊದ್ದು ನಿಂತ ಅಜ್ಜಿ, ಹಿಂದೆ ಪರದೆಯ ಮೇಲೆ ಬರೆದ ಕಂಬ, ತೋಟ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಗಳು ಪಾಲಾಗುತ್ತವೆ, ಚಿತ್ರವಾದರೋ ಒಂದೇ. ಆಗ ಪ್ರತಿ ತೆಗೆಸುವ ಮಾತು ಏಳುತ್ತದೆ. ತೆಗೆಸಿ ತಂದುದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಅಜ್ಜನ ಮುಖಕ್ಕೆ ಹಸಿರು ಬಳಿದಂತೆ. ಅಂಗಳಕ್ಕೊಯ್ದರೆ ಅದೇ ಮುಖ ಕೆಂಪಗೆ. ಕೆಲವು ಮಳೆಗಾಲ ಕಳೆದ ಮೇಲೆ ಮುಖವೇ ಮಸುಕು!

ಚಿತ್ರ ಕಳೆದರೆ ಕಳೆದೇ ಹೋಯಿತೆಂಬುದಕ್ಕೆ ಕೊಲ್ಲಾಪುರದಲ್ಲಿಯೇ ನಿದರ್ಶನವಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಈ ಊರಿನ ಛತ್ರಪತಿ ಸಿನೆಟೋನಿನಲ್ಲಿ. ತೆರೆಗೆ ಬಂದದ್ದು 1934ರಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಸಿನೆಮಾದ ಗತಿಯೇ ಹೀಗಿರುವಾಗ ನಮ್ಮ ಗೋಡೆಯ ಚಿತ್ರದ ಪಾಡೇನು?

ಹಳೆಯ ಚಿತ್ರದ ಕಪ್ಪು ಬೆಳ್ಳಿಯ ಕಣಗಳದು. ಕಣಗಳು ದಟ್ಟವಾದಲ್ಲಿ ಕಪ್ಪು, ವಿರಳವಾದಲ್ಲಿ ಬೂದಿ. ನಡುವಿನ ಛಾಯೆಗಳಿಗೆ ಲೆಕ್ಕವಿಲ್ಲ. ಇಂಕ್‌ಜೆಟ್ ಪ್ರಿಂಟರಾದರೋ ಶಾಯಿಯ ಸೂಕ್ಷ್ಮ ಹನಿಗಳನ್ನು ಸಿಡಿಸುತ್ತದೆ. ಕರಿ ಶಾಯಿಯೊಂದರಿಂದಲೇ ತಿಳಿಬೂದಿಯನ್ನು ಮೂಡಿಸಹೊರಟರೆ ಕೆನ್ನೆಯ ಮೇಲೆ ಚುಕ್ಕೆಗಳೆದ್ದು ಕಾಣುತ್ತವೆ. ಅದಕ್ಕಾಗಿ ಯಂತ್ರವು ನೀಲಿ, ಕೆಂಪು, ಹಳದಿಗಳನ್ನು ಕಲಸಿ ಬೂದಿಯನ್ನು ಮಾಡುತ್ತದೆ. ಈ ಕಲಬೆರಕೆಯ ಬೂದಿಯೇ ಬೆಳಕು ಬದಲಾದಂತೆ ಬಣ್ಣ ಬದಲಿಸುವುದು. ಇನ್ನೊಂದು ಸಂಗತಿ: ಮನೆಬಳಕೆಯ ಹಲವು ಪ್ರಿಂಟರುಗಳ ಕರಿ ಶಾಯಿ ಹೊಳಪಿನ ಕಾಗದಕ್ಕೆ ಹಿಡಿಯದ ಜಾತಿಯದು. ಹೊಳಪಿನ ಕಾಗದವೆಂದು ತಿಳಿಸಿದೊಡನೆ ಯಂತ್ರವು ಕರಿಯನ್ನು ಕೈಬಿಟ್ಟು ಮೂರು ಬಣ್ಣಗಳಿಂದಲೇ ಕಪ್ಪನ್ನೂ ಕಟ್ಟುತ್ತದೆ. ಅಜ್ಜನ ಕರಿಕೋಟು ಕಂದಾಗುವುದು ಹೀಗೆ.

ಇದಕ್ಕೆ ಪರಿಹಾರ ದೊರೆತು ವರ್ಷಗಳೇ ಆದವು. ಅಮೆರಿಕದ ಜಾನ್ ಕೋನ್ ಎಂಬ ಮುದ್ರಣಕಾರರು ಬಣ್ಣದ ಶಾಯಿಗಳನ್ನೇ ತೆಗೆದುಹಾಕಿ ಅವುಗಳ ಸ್ಥಾನದಲ್ಲಿ ಗಾಢದಿಂದ ತಿಳಿಯವರೆಗಿನ ಕಪ್ಪು ಶಾಯಿಗಳನ್ನು ತುಂಬಿ 'ಪೀಜೋಗ್ರಫಿ' ಎಂಬ ಪದ್ಧತಿಯನ್ನು ರೂಢಿಗೆ ತಂದರು. 2005ರಲ್ಲಿ ಎಪ್ಸನ್ ಕಂಪನಿಯು ಕಪ್ಪಿನೊಡನೆ ಎರಡು ಬೂದು ಶಾಯಿಗಳುಳ್ಳ ಯಂತ್ರಗಳನ್ನು ಹೊರತಂದಿತು. ಆದುದರಿಂದ ಅಂಗಡಿಗೆ ಹೋದಾಗ ದರಕ್ಕಿಂತ ಮೊದಲು ಇದನ್ನು ಕೇಳಿರಿ: ನಿಮ್ಮ ಯಂತ್ರದಲ್ಲಿ ಬೂದು ಶಾಯಿಗಳಿವೆಯೇ? ಶಾಯಿ ನೀರಿನಲ್ಲಿ ಕರಗಿದ ಬಣ್ಣದ್ದೋ, ಪಿಗ್ಮೆಂಟಿನದೋ? ಕರಗಿದ ಬಣ್ಣ ಗಾಳಿ, ಬೆಳಕು, ತೇವಕ್ಕೆ ಬೇಗ ಸೋಲುತ್ತದೆ. ಮಳೆಗಾಲದ ತೇವ ನಮ್ಮ ಕಡೆಯವರಿಗೆ ಹೊಸತೇನಲ್ಲ. ಪಿಗ್ಮೆಂಟಿನ ಕಣಗಳು ಬಹುಕಾಲ ತಡೆಯುತ್ತವೆ.

ಕಾಗದವೂ ಅಷ್ಟೇ ಮುಖ್ಯ. ಹತ್ತಿಯ ಕಾಗದ ಲೇಸು. ಮಗ್ಗದ ಸದ್ದಿನಲ್ಲಿಯೇ ಬೆಳೆದ ಇಚಲಕರಂಜಿಯವರಿಗೆ ಹತ್ತಿಯ ಗುಣವನ್ನು ನಾವೇನು ಹೇಳುವುದು! ಹೊಳಪಿಲ್ಲದ ಈ ಕಾಗದದಲ್ಲಿ ಕಪ್ಪು ತುಸು ಮೆತ್ತಗೆ ಕಂಡೀತು. ಕಡುಗಪ್ಪೇ ಬೇಕೆನ್ನುವವರು ಬರೈಟಾ ಲೇಪದ ಕಾಗದವನ್ನು ಆರಿಸಲಿ.

ಸಣ್ಣ ಚಿತ್ರವನ್ನು ಅಂಗುಲಕ್ಕೆ 1200 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿಸಿರಿ. ನಾಲ್ಕು ಪಟ್ಟು ಹಿಗ್ಗಿಸಿದರೂ ಅಂಗುಲಕ್ಕೆ 300 ಉಳಿಯುತ್ತವೆ. ಕಂಪ್ಯೂಟರಿನ ಪರದೆ ತಾನೇ ಬೆಳಗುವುದರಿಂದ ಕಾಗದದ ಮೇಲೆ ಚಿತ್ರ ಹೆಚ್ಚು ಕಪ್ಪಾಗಿ ಬರುವುದುಂಟು. ಮೊದಲೊಂದು ತುಣುಕನ್ನು ಮುದ್ರಿಸಿ, ಒಂದು ದಿನ ಆರಗೊಟ್ಟು, ಹಗಲ ಬೆಳಕಿನಲ್ಲಿ ನೋಡಬೇಕು. ರುಮಾಲಿನ ಬಿಳುಪಿನಲ್ಲಿ ಮಡಿಕೆಗಳು ಕಾಣುತ್ತಿರಬೇಕು, ಕೋಟಿನ ಕಪ್ಪಿನಲ್ಲಿ ಗುಂಡಿ ಕಾಣುತ್ತಿರಬೇಕು. ಇವೆರಡಿದ್ದರೆ ನಡುವಿನ ಮುಖ ಬಹುಮಟ್ಟಿಗೆ ಸರಿಬಂದಂತೆಯೇ.

ಅಂಗಡಿಯವರು ಉತ್ಸಾಹದಿಂದ ಸುಕ್ಕುಗಳನ್ನು ಅಳಿಸಿ ಅಜ್ಜಿಯನ್ನು ಸಿನೆಮಾ ತಾರೆಯಾಗಿ ಮಾಡಲು ಹೊರಟಾರು. ಅದು ನಮಗೆ ಒಪ್ಪಿಗೆಯಿಲ್ಲ. ಕಾಗದದ ಗೀರು, ಕಲೆಗಳನ್ನು ತೆಗೆಯಲಿ. ಮುಖದ ಗೆರೆಗಳನ್ನು ಮುಟ್ಟದಿರಲಿ.

ಹೊಸ ಪ್ರತಿ ಗಾಜಿಗೆ ತಾಗದಂತೆ ನಡುವೆ ರಟ್ಟಿನ ಚೌಕಟ್ಟು ಇಡಿಸಿರಿ. ಹಳೆಯದು ಗಾಜಿಗೆ ಅಂಟಿಕೊಂಡಿದ್ದರೆ ಕೀಳಹೋಗಬೇಡಿರಿ. ಮುಖದ ಪದರೇ ಗಾಜಿನೊಡನೆ ಹೋದೀತು. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, ಹಾಗೆಯೇ ಮನೆಗೆ ತಂದು ತೇವವಿಲ್ಲದ ಕಡೆ ಇಡಿರಿ.