ಸೋಮವಾರವೂ ದೇವರದೇ

ಆದಿತ್ಯವಾರ ಬೆಳಗ್ಗೆ ಕಬಕ, ಪುತ್ತೂರು, ಸುಳ್ಯ, ಕಡಬದ ದಾರಿಗಳಲ್ಲಿ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು, ಮಕ್ಕಳ ಕೈ ಹಿಡಿದು ಪೂಜೆಗೆ, ಆರಾಧನೆಗೆ ಹೊರಡುವ ನನ್ನ ಜನರೇ, ಕೆಥೊಲಿಕರೇ, ಸಿ.ಎಸ್.ಐ. ಸಭೆಯವರೇ, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ನೆಟ್ಟ ಸಿರಿಯನ್ ಮನೆತನದವರೇ, ನಿಮ್ಮ ಭಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಮೊಂತಿ ಹಬ್ಬಕ್ಕೆ ನಿಮ್ಮ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನ ಪಾದಕ್ಕೆ ಸುರಿಯುವುದನ್ನು, ಫಾದರ್ ಆಶೀರ್ವದಿಸಿ ಕೊಟ್ಟ ತೆನೆಯ ಕಾಳನ್ನು ಹಾಲಿಗೆ ಬೆರೆಸಿ ಮನೆಮಂದಿಯೆಲ್ಲ ಹಂಚಿ ಕುಡಿಯುವುದನ್ನು ಕಂಡು ನನ್ನ ಕಣ್ಣೂ ತೇವವಾದದ್ದುಂಟು. ನಾನು ಕೇಳಬೇಕೆಂದಿರುವುದು ನಿಮ್ಮ ಸೋಮವಾರದ ಬಗ್ಗೆ.

ಸೋಮವಾರ ನಿಮ್ಮ ತೋಟಕ್ಕೆ ಮದ್ದು ಬಿಡಲು ಒಬ್ಬ ಬರುತ್ತಾನೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕೊಳೆರೋಗದಿಂದ ನಿಮ್ಮ ಅಡಿಕೆ ಉಳಿಯಬೇಕಾದರೆ ಅದು ಗೊನೆಗೊನೆಗೂ ತಾಗಬೇಕು. ಮಳೆ ಒಂದಿಷ್ಟು ಬಿಟ್ಟ ಹೊತ್ತು ನೋಡಿ, ಪಾಚಿ ಹಿಡಿದು ಜಾರುವ ಮರಕ್ಕೆ ಕಾಲಿನ ತಳೆ ಒತ್ತಿ, ಹೆಗಲಿಗೆ ಪೈಪು ಸಿಕ್ಕಿಸಿಕೊಂಡು, ನಿಮ್ಮ ಮನೆಯ ಮಾಡಿಗಿಂತ ಎಷ್ಟೋ ಮೇಲಕ್ಕೆ ಅವನು ಹೋಗುತ್ತಾನೆ. ಒಂದು ಮರ ಮುಗಿದರೆ ಕೆಳಗೆ ಇಳಿಯುವುದಿಲ್ಲ. ತುದಿಯಲ್ಲೇ ಮರವನ್ನು ತೂಗಿ, ಬಾಗಿಸಿ, ಪಕ್ಕದ ಮರವನ್ನು ಕೈಯಲ್ಲಿ ಎಳೆದುಕೊಂಡು ದಾಟುತ್ತಾನೆ. ಆ ಒಂದು ಕ್ಷಣ ಅವನು ಈ ಮರದಲ್ಲೂ ಇಲ್ಲ, ಆ ಮರದಲ್ಲೂ ಇಲ್ಲ. ಕೊಡೆ ಹಿಡಿದು ಕೆಳಗೆ ನಿಂತ ನೀವು ಅದನ್ನು ಪ್ರತಿ ವರ್ಷ ನೋಡುತ್ತೀರಿ. ಅವನ ಸೊಂಟದಲ್ಲಿ ಬೆಲ್ಟ್ ಇಲ್ಲ. ನಿಮಗೆ ಗೊತ್ತು.

ಬಿದ್ದವರ ಮನೆಗಳೂ ನಿಮಗೆ ಗೊತ್ತು. ಸೊಂಟದ ಕೆಳಗೆ ಸ್ವಾಧೀನ ಹೋದವನನ್ನು ಹೊರಳಿಸುವ ಹೆಂಡತಿ, ಬೆನ್ನಿನ ಹುಣ್ಣು ತೊಳೆಯುವ ತಾಯಿ, ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅದೇ ತಳೆಯನ್ನು ಕಾಲಿಗೆ ಹಾಕಿಕೊಂಡ ಮಗ. ಕೊಕ್ಕಡದ ಸೌತಡ್ಕದಲ್ಲಿ ಬೆನ್ನುಹುರಿಗೆ ಏಟಾದವರಿಗೆಂದೇ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ. ಅದನ್ನು ಕಟ್ಟಿ ನಡೆಸುತ್ತಿರುವವರು ನಮ್ಮ ಸಭೆಗಳವರಲ್ಲ. ಒಳ್ಳೆಯ ಸಮಾರ್ಯದವನ ಸಾಮತಿಯನ್ನು ಬಾಯಿಪಾಠ ಮಾಡಿದವರು ನಾವು. ಅವರ ಸೇವೆಯನ್ನು ಸಂತೋಷದಿಂದಲೇ ಹೇಳುತ್ತೇನೆ, ಒಂದಿಷ್ಟು ನಾಚಿಕೆಯಿಂದಲೂ.

ಧರ್ಮೋಪದೇಶಕಾಂಡದಲ್ಲಿ ಸಣ್ಣದೊಂದು ಕಟ್ಟಳೆ ಇದೆ. ಅದರ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಲೇಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದು ಸತ್ತವನ ರಕ್ತದ ಹೊಣೆ ಆ ಮನೆಯದ್ದು ಎನ್ನುತ್ತದೆ ಅದು. ಪ್ರಾರ್ಥನೆ ಮಾಡು ಎಂದಲ್ಲ, ಗೋಡೆ ಕಟ್ಟು ಎಂದು. ಅದೇ ಗ್ರಂಥ ಇನ್ನೆರಡು ಅಧ್ಯಾಯ ದಾಟಿ, ಬಡ ಕೂಲಿಯವನು ನಿನ್ನ ಜನವಾಗಿರಲಿ, ಹೊರಗಿನಿಂದ ಬಂದವನಾಗಿರಲಿ, ಅವನ ಸಂಬಳವನ್ನು ಹೊತ್ತು ಮುಳುಗುವ ಮುಂಚೆ ಕೈಗೆ ಕೊಡು ಎನ್ನುತ್ತದೆ. ಜಾರ್ಖಂಡಿನಿಂದ, ಅಸ್ಸಾಮಿನಿಂದ, ಬಯಲುಸೀಮೆಯಿಂದ ಬಂದು ನಮ್ಮ ತೋಟದ ಶೆಡ್ಡುಗಳಲ್ಲಿ ಮಲಗುವ ಹುಡುಗರನ್ನು ಕಂಡೇ ಬರೆದಂತಿದೆ. ನಾವು ಆರಾಧಿಸುವ ಯೇಸು ಸುಮಾರು ಮೂವತ್ತು ವರ್ಷದವರೆಗೆ ನಜರೇತಿನ ಬಡಗಿಯಾಗಿದ್ದವನು. ಪೌಲನು ಕೊರಿಂಥದಲ್ಲಿ ಸುವಾರ್ತೆ ಸಾರುತ್ತಲೇ ಗುಡಾರ ಹೊಲಿದು ಉಂಡವನು. 1955ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಮೇ 1ನ್ನು ಕಾರ್ಮಿಕನಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಇದೂ ನಿಮಗೆ ಗೊತ್ತು.

ಇನ್ನೊಂದು ಕಥೆ ನಮ್ಮ ಊರಿನದ್ದೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮಾತು ಕೇಳಿ ಕ್ರೈಸ್ತರಾದವರಲ್ಲಿ ಬಹಳ ಮಂದಿ ಶೇಂದಿ ಇಳಿಸುವ ಬಿಲ್ಲವರು. ಶೇಂದಿ ಕೂಡದೆಂದು ಮಿಷನ್ ಹೇಳಿತು. ಗೇಣಿ ಭೂಮಿ ಕೈತಪ್ಪಿತು. ಮನೆಯವರು ಬಾಗಿಲು ಹಾಕಿದರು. ಮರ ಇಳಿದು ಬಂದವನ ಕೈಯಲ್ಲಿ ಹೊಸ ನಂಬಿಕೆ ಇತ್ತು, ಹೊಟ್ಟೆಗೆ ಏನೂ ಇರಲಿಲ್ಲ. ನಮ್ಮ ಪ್ರಾರ್ಥನೆಯಲ್ಲಿ ನಿನ್ನನ್ನು ನೆನೆಯುತ್ತೇವೆ ಎಂದಷ್ಟೇ ಹೇಳಿ ಆ ಪಾದ್ರಿಗಳು ಕೈತೊಳೆಯಲಿಲ್ಲ. ಮಗ್ಗ ಹಾಕಿದರು, ಅಚ್ಚುಕೂಟ ತೆರೆದರು, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಎಬ್ಬಿಸಿದರು. ಹಳೆಯ ಮನೆಗಳ ಮಾಡಿನಿಂದ ಒಂದು ಹಂಚು ತೆಗೆದು ಮಗುಚಿ ನೋಡಿ, ಮಿಷನ್ನಿನ ಹೆಸರು ಸಿಕ್ಕೀತು. ಆ ಕಾರ್ಖಾನೆಗಳೇನೂ ಸ್ವರ್ಗವಾಗಿರಲಿಲ್ಲ, ದೊರೆ ಅಲ್ಲಿಯೂ ದೊರೆಯೇ. ಆದರೆ ಬಂದವನಿಗೆ ನಾಳೆಯ ಗಂಜಿ ಎಲ್ಲಿಂದ ಎಂಬ ಚಿಂತೆಯನ್ನು ಸಭೆ ತನ್ನ ಚಿಂತೆ ಮಾಡಿಕೊಂಡಿತ್ತು. ಆ ಸಭೆಯ ಮೊಮ್ಮಕ್ಕಳೂ ಸೇರಿದಂತೆ ನಾವು ಇಂದು ತೋಟದ ಧಣಿಗಳಾಗಿದ್ದೇವೆ, ಅಂಗಡಿ, ಶಾಲೆ, ಕ್ಲಿನಿಕ್ಕುಗಳ ಯಜಮಾನರಾಗಿದ್ದೇವೆ. ನಮ್ಮ ಆಳಿನ ಗಂಜಿ ಯಾವಾಗ ಅವನೊಬ್ಬನ ಚಿಂತೆಯಾಯಿತು?

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಅಡಿಕೆಯ ರೇಟು ಇಂದು ಇದ್ದಂತೆ ನಾಳೆ ಇಲ್ಲ, ರಬ್ಬರಿನದ್ದು ಹೇಳುವುದೇ ಬೇಡ. ಆಳು ಸಿಗುವುದೇ ಕಷ್ಟ, ಸಿಕ್ಕವನು ಹೇಳಿದ ದಿನ ಬರುವುದಿಲ್ಲ, ಮುಂಗಡ ತೆಗೆದುಕೊಂಡವನು ಫೋನ್ ಎತ್ತುವುದಿಲ್ಲ. ಬೆಲ್ಟ್ ಕೊಟ್ಟರೂ ಅವನೇ ಬೇಡವೆನ್ನುತ್ತಾನೆ, ಕೆಲಸ ತಡವಾಗುತ್ತದೆಂದು. ಎಲ್ಲವೂ ನಿಜ. ತಡವಾದರೆ ಕೂಲಿ ಕಡಿಮೆಯಾಗುತ್ತದೆಂಬ ಹೆದರಿಕೆಯಿಂದಲೇ ಅವನು ಬೇಡವೆನ್ನುವುದು ಎಂಬುದೂ ಅಷ್ಟೇ ನಿಜ. ಮರಕ್ಕೆ ಇಷ್ಟೆಂದು ಲೆಕ್ಕ ಹಾಕದೆ ದಿನಕ್ಕೆ ಇಷ್ಟೆಂದು ಕೊಟ್ಟು ನೋಡಿ. ಫೈಬರ್ ದೋಟಿ ಕೊಂಡು ನೆಲದಲ್ಲೇ ನಿಂತು ಮದ್ದು ಬಿಡಬಹುದಾದಲ್ಲಿ ಬಿಡಿಸಿ. ಮಳೆ ಹನಿಯುವಾಗ, ಈ ಸಾಲು ಒಂದು ಮುಗಿಸಿಬಿಡು ಮಾರಾಯ ಎನ್ನುವ ನಾಲಗೆಯನ್ನು ತಡೆದು, ಇಳಿ, ನಾಳೆ ನೋಡುವ ಎನ್ನಿ. ನಮ್ಮ ದೇವರು ಆ ಮಾತನ್ನು ಜಪಮಾಲೆಯಷ್ಟೇ ಕಿವಿಗೊಟ್ಟು ಕೇಳುತ್ತಾನೆಂದು ನಾನು ನಂಬುತ್ತೇನೆ.

ಚಾವಡಿಯಲ್ಲಿ ಕುಳಿತು ನಿಮ್ಮ ಅಡಿಕೆ ಸುಲಿಯುವ ಹೆಂಗಸರಿಗೆ, ರಾತ್ರಿ ಬೀಡಿ ಕಟ್ಟಿ ಬೆಳಗ್ಗೆ ನಿಮ್ಮ ಮನೆಯ ಪಾತ್ರೆ ತೊಳೆಯುವವಳಿಗೆ, ಕೋಳಿ ಕೂಗುವ ಮುಂಚೆ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪ್ ಮಾಡುವವನಿಗೆ ನಿಮ್ಮ ಅಂಗಳದ ಕಷ್ಟ ಹೇಳಿಕೊಳ್ಳಲು ಸಂಘವಾಗಲಿ ವೇದಿಕೆಯಾಗಲಿ ಸಿಗುವುದು ಅಪರೂಪ. ಕಷ್ಟ ಬಂದ ದಿನ ನಿಮ್ಮ ಹೊರತು ಅವರಿಗೆ ಯಾರೂ ಇಲ್ಲ. ನೀವು ಕೆಟ್ಟವರಲ್ಲ. ಅವರ ಮಗಳ ಮದುವೆಗೆ ಸೀರೆ ಕೊಟ್ಟವರು, ಜ್ವರ ಬಂದಾಗ ಜೀಪಿನಲ್ಲಿ ಪುತ್ತೂರಿಗೆ ಕರೆದೊಯ್ದವರು ನೀವೇ. ಆ ಮನಸ್ಸಿರುವುದರಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆಗೆ ವರ್ಷಕ್ಕೆ 20 ರೂಪಾಯಿ. ನೀವು ಆದಿತ್ಯವಾರ ಹಚ್ಚುವ ಮೊಂಬತ್ತಿಯ ಖರ್ಚು. ಸತ್ತರೆ, ಎರಡೂ ಕಾಲು ಹೋದರೆ 2 ಲಕ್ಷ ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಇಂದು ಆ ಮರ ಹತ್ತುವವನ ಮನೆಯಲ್ಲಿ ಅದೂ ಇಲ್ಲ. 18ರಿಂದ 70 ವರ್ಷದವರೆಗಿನ ಯಾರಾದರೂ ಸೇರಬಹುದು, ಬ್ಯಾಂಕ್ ಖಾತೆಯೊಂದು ಇದ್ದರಾಯಿತು. ಅದರ ವರ್ಷ ಶುರುವಾಗುವುದು ಜೂನ್ 1ಕ್ಕೆ, ಸರಿಯಾಗಿ ನಮ್ಮ ಮದ್ದು ಬಿಡುವ ಹೊತ್ತಿಗೆ. ಈ ಸೋಮವಾರ ಅವನನ್ನು ಮರ ಹತ್ತಿಸುವ ಮುಂಚೆ ಬೈಕಿನಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋಗಿ, ಅರ್ಧ ದಿನದ ಕೂಲಿ ಹಿಡಿಯಬೇಡಿ, ಫಾರಂ ನೀವೇ ತುಂಬಿಸಿ. ನಾಮಿನಿ ಎಂದಿರುವಲ್ಲಿ ಅವನ ಹೆಂಡತಿಯ ಹೆಸರು ಬರೆಯಬೇಕಾಗುತ್ತದೆ. ಗೊತ್ತಿಲ್ಲದಿದ್ದರೆ ಕೇಳಿ ಬರೆಯಿರಿ.