ಕೆಂಪು ಚೆಂಡಿನ ಕಳ್ಳಿ

ಡಾರ್ಜಿಲಿಂಗಿಗೆ ಹೋದಾಗ ಕಾಲಿಂಪಾಂಗದಾಗಿನ ಪೈನ್ ವ್ಯೂ ನರ್ಸರಿನೂ ನೋಡಿ ಬಂದ್ವಿ. ಕಳ್ಳಿಗಿಡಕ್ಕ ಹೆಸರಾದ ಜಾಗಾ ಅದು. ಕಂಬದಂಥವು, ಗುಂಡನೆಯವು, ಮೈತುಂಬ ಬಿಳಿಕೂದಲ ಬಿಟ್ಟವು. “ಮುಳ್ಳು ನೋಡ್ಲಿಕ್ಕೆ ಟಿಕೀಟ ಬ್ಯಾರೆ” ಅಂತ ನಮ್ಮನಿಯವರು ಗೊಣಗಿದ್ರು.

ನನಗ ಮಾತ್ರ ನಮ್ಮನಿ ಕಿಡಕ್ಯಾಗ ಸತ್ತ ಕೆಂಪು ಚೆಂಡಿನ ಕಳ್ಳಿ ನೆನಪಾತು. ಮೂನ್ ಕ್ಯಾಕ್ಟಸ್ ಅಂತಾರಲ್ಲ, ಅದು. ಒಂದು ಗಿಡ ಅಲ್ರೀ ಅದು, ಎರಡು! ಮ್ಯಾಲಿನ ಕೆಂಪು ಚೆಂಡಿನಾಗ ಪತ್ರಹರಿತ್ತು ಇಲ್ಲ, ತನ್ನ ಊಟ ತಾ ಮಾಡ್ಕೊಳ್ಳಿಕ್ಕೆ ಬರೂದಿಲ್ಲ. ಕೆಳಗಿನ ಹಸರ ಕಾಂಡ ಹೆಚ್ಚಾಗಿ ಡ್ರ್ಯಾಗನ್ ಫ್ರೂಟ್ ಜಾತೀದು. ಎರಡನ್ನೂ ಸಪಾಟ ಕೊಯ್ದು, ನಡುವಿನ ಉಂಗುರಕ್ಕ ಉಂಗುರ ಕೂಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಕಸಿ ಮಾಡ್ತಾರ. ಕೆಳಗಿಂದು ದುಡೀತದ, ಮ್ಯಾಲಿಂದು ತಿಂತದ. ಎರಡರ ಬೆಳವಣಿಗಿ ಒಂದಸಮ ಇರೂದಿಲ್ಲ, ಬಹಳಷ್ಟು ಕೆಲವೇ ವರ್ಷಕ್ಕ ಹೋಗಿಬಿಡ್ತಾವ.

ನಮ್ಮದು ಮೂರನೇ ವರ್ಷಕ್ಕ ಹೋತು. “ನೀರು ಹಾಕಿ ಹಾಕಿ ಕೊಂದಿ” ಅಂತ ಸೊಸಿಗೆ ಅಂದುಬಿಟ್ಟಿದ್ದೆ. ಆಕಿ ಮಾತಾಡ್ಲಿಲ್ಲ, ಆದ್ರ ಆಮ್ಯಾಲೆ ನನ್ನ ಕುಂಡ ಒಂದೂ ಮುಟ್ಟಲಿಲ್ಲ.

ಕಸಿನ ತಪ್ಪು ಅನ್ನೂದಿಲ್ಲ ನಾ. ಬೇರು ಕೊಳೆತ ಅಪರೂಪದ ಕಳ್ಳಿ ಉಳಿಸ್ಲಿಕ್ಕೆ, ಆಮೆಯಂಗ ಬೆಳಿಯೂ ಸಸಿ ಲಗೂನ ದೊಡ್ಡದು ಮಾಡ್ಲಿಕ್ಕೆ ಅದು ಬೇಕು. ಆದ್ರ ಬಣ್ಣ ತೋರಿಸಿ ಮಾರೂವಾಗ “ಇದರ ಆಯುಷ್ಯ ಇಷ್ಟ” ಅಂತ ಒಂದು ಮಾತು ಹೇಳಬಾರದೇನ್ರಿ? ನಾವರ ಎಲ್ಲಿ ಕೇಳ್ತೀವಿ, ಬಣ್ಣ ನೋಡಿ ರೊಕ್ಕ ಕೊಡ್ತೀವಿ.

ಈ ಸಲ ತನ್ನ ಬೇರಿನ ಮ್ಯಾಲೆ ನಿಂತ ಸಣ್ಣ ಹಸರ ಗುಂಡು ತಂದೀನಿ. ಸೊಸಿ ಕೈಯಾಗ ಕೊಟ್ಟು, “ಅವತ್ತು ತಪ್ಪು ನಿಂದಲ್ಲವಾ, ಇದಕ್ಕ ನೀರು ನೀನ ಹಾಕು” ಅಂದೆ.